ಲಿಫ್ಟ್ ಇದೆ ಅಂದಿದ್ದರು, ಅತ್ತೆ ಎರಡು ದಿನ ನೀರೇ ಕುಡಿಯಲಿಲ್ಲ

ಪ್ರಶ್ನೆ: ನಾವು ದಾವಣಗೆರೆಯವರು. ನನ್ನ ಅತ್ತೆಗೆ 71 ವರ್ಷ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈ, ಬಲಗಾಲು ಸ್ವಾಧೀನ ತಪ್ಪಿದೆ. ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ, ಉಳಿದಂತೆ ವೀಲ್‌ಚೇರ್. ಅವರ ತವರು ತೀರ್ಥಹಳ್ಳಿ ಕಡೆ. ಈಗ ಅಲ್ಲಿ ನಮ್ಮವರು ಯಾರೂ ಇಲ್ಲ. "ಒಂದು ಸಲ ಹೊಳೆ ನೋಡ್ಬೇಕು" ಅಂತ ವರ್ಷದಿಂದ ಹೇಳುತ್ತಿದ್ದರು. ಹಾಗಾಗಿ ಕಳೆದ ಎಳ್ಳಮಾವಾಸ್ಯೆ ಜಾತ್ರೆ ಸಮಯಕ್ಕೆ ಅತ್ತೆ, ಮಾವ, ನಾವಿಬ್ಬರು, ಎರಡು ಮಕ್ಕಳು ಹೊರಟೆವು. ಆನ್‌ಲೈನ್‌ನಲ್ಲಿ ಒಂದು ಹೋಟೆಲ್ ನೋಡಿ ಎರಡು ರೂಮು, ಮೂರು ರಾತ್ರಿಗೆ 24,000 ರೂಪಾಯಿ ಮೊದಲೇ ಕಟ್ಟಿದೆವು. ಅದರ ವಿವರದಲ್ಲಿ ವೀಲ್‌ಚೇರ್ ಸೌಲಭ್ಯ ಇದೆ ಅಂತಲೇ ಇತ್ತು. ಆದರೂ ನಾನು ಫೋನ್ ಮಾಡಿ ಕೇಳಿದ್ದೆ. "ಏನೂ ತೊಂದರೆ ಇಲ್ಲ ಮೇಡಂ, ಲಿಫ್ಟ್ ಇದೆ" ಅಂದರು.

ಹೋಗಿ ನೋಡಿದರೆ ರಿಸೆಪ್ಶನ್‌ಗೇ ನಾಲ್ಕು ಮೆಟ್ಟಿಲು. ಲಿಫ್ಟ್ ಇದ್ದದ್ದು ಅದರ ಮೇಲೆ. ಕೆಳಗಿನ ರೂಮು ಕೊಡುತ್ತೇವೆ ಅಂದಿದ್ದವರು ಅದನ್ನು ಬೇರೆಯವರಿಗೆ ಕೊಟ್ಟಿದ್ದರು. ಬಾತ್‌ರೂಮಿನ ಬಾಗಿಲಲ್ಲಿ ಕುರ್ಚಿ ಹಿಡಿಸಲಿಲ್ಲ. ಊಟದ ಹಾಲ್ ತೋಟದೊಳಗೆ, ಅಲ್ಲಿಗೂ ಮೆಟ್ಟಿಲು. ರೂಮಿಗೆ ಊಟ ತರಲು ಜನ ಇಲ್ಲ. ರಾತ್ರಿ ಕರೆಂಟ್ ಹೋದಾಗ ರಿಸೆಪ್ಶನ್ ಫೋನ್ ಎತ್ತುವವರಿಲ್ಲ. ಕೇಳಿದರೆ ಮ್ಯಾನೇಜರ್ "ಇಂಥವರಿದ್ದಾರೆ ಅಂತ ಮೊದಲೇ ಹೇಳಬೇಕಿತ್ತು" ಅಂದರು. ಹುಡುಗರು ನಾಲ್ಕು ಜನ ಸೇರಿ ಅತ್ತೆಯನ್ನು ಕುರ್ಚಿ ಸಮೇತ ಎತ್ತಿ ಇಳಿಸುತ್ತಿದ್ದರು. ಎರಡನೇ ದಿನ ಸಂಜೆ ನನಗೆ ಗೊತ್ತಾಯಿತು, ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. "ಬಾತ್‌ರೂಮಿಗೆ ಹೋಗೋದು ಬೇಡ ಅಂತ" ಅಂದರು. ಮೂರನೇ ರಾತ್ರಿ ಬಿಟ್ಟು ವಾಪಸ್ ಬಂದೆವು. ಹೊಳೆ ನೋಡಲೇ ಇಲ್ಲ. ಹಣ ವಾಪಸ್ ಇಲ್ಲ ಎನ್ನುತ್ತಾರೆ. ಮೈದುನ "ಈ ವಯಸ್ಸಲ್ಲಿ ಕರ್ಕೊಂಡು ಹೋಗಿದ್ದೇ ತಪ್ಪು, ಸುಮ್ನೆ ಬಿಡಿ" ಎನ್ನುತ್ತಾರೆ. ನಾವು ತಪ್ಪು ಮಾಡಿದೆವಾ? ಏನಾದರೂ ಮಾಡಬಹುದಾ? ಅತ್ತೆಯನ್ನು ಮತ್ತೆ ಆ ಕಡೆ ಕರೆದುಕೊಂಡು ಹೋಗಲು ಆಗುತ್ತದಾ?

ಉತ್ತರ:

ದುಡ್ಡಿನ ವಿಷಯ ಆಮೇಲೆ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಅತ್ತೆ ನೀರು ಬಿಟ್ಟ ಮಾತು. ಇದನ್ನು ನಾನು ಬಹಳ ಮನೆಗಳಲ್ಲಿ ಕೇಳಿದ್ದೇನೆ. ಬಾತ್‌ರೂಮಿಗೆ ಹೋಗಲು ಇನ್ನೊಬ್ಬರ ಕೈ ಬೇಕು, ಅಲ್ಲಿ ಬಾಗಿಲೂ ಮುಚ್ಚಲು ಆಗುವುದಿಲ್ಲ ಎಂದಾದಾಗ ಹಿರಿಯ ಹೆಂಗಸರು ಮೊದಲು ಬಿಡುವುದು ನೀರು, ಆಮೇಲೆ ಊಟ. ಯಾರಿಗೂ ಹೇಳುವುದಿಲ್ಲ. ಲಕ್ವ ಆದವರಿಗೆ ನೀರು ಕಡಿಮೆಯಾಗುವುದು ಒಳ್ಳೆಯದಲ್ಲ. ಮೂತ್ರದ ಸೋಂಕು, ಮಲಬದ್ಧತೆ, ತಲೆಸುತ್ತು ಬರಬಹುದು. ಆ ಪ್ರವಾಸದ ನಂತರ ಉರಿ, ಜ್ವರ, ಗೊಂದಲದ ಮಾತು ಏನಾದರೂ ಇದ್ದರೆ ಈ ಉತ್ತರ ಓದಿ ಮುಗಿಸುವ ಮೊದಲೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಅಲ್ಲಿ ಚೀಟಿ, ಬಿಲ್ಲು ಕೊಟ್ಟರೆ ಇಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಾನು ಸಿವಿಲ್ ಎಂಜಿನಿಯರ್. ಶಿವಮೊಗ್ಗದಲ್ಲಿದ್ದುಕೊಂಡು ಹೋಟೆಲು, ಆಸ್ಪತ್ರೆ, ಹೋಂಸ್ಟೇಗಳಿಗೆ ಹೋಗಿ, ವೀಲ್‌ಚೇರ್‌ನವರು, ಕೋಲು ಹಿಡಿದವರು, ಕಣ್ಣು ಕಾಣದವರು ಅಲ್ಲಿ ಓಡಾಡಬಹುದೇ ಎಂದು ಟೇಪ್ ಹಿಡಿದು ನೋಡುವುದು ನನ್ನ ಕೆಲಸ. ಕೆಲವು ಕುಟುಂಬಗಳಿಗೆ ಗ್ರಾಹಕರ ಆಯೋಗಕ್ಕೆ ಕೊಡಲು ಅಳತೆಯ ವರದಿ ಬರೆದುಕೊಟ್ಟಿದ್ದೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ.

ನೀವು ತಪ್ಪು ಮಾಡಿಲ್ಲ. ಮೊದಲೇ ಹೇಳಬೇಕಿತ್ತು ಎಂದರಲ್ಲ, ನೀವು ಹೇಳಿದ್ದಿರಿ. ಒಂದು ಸಲ ವಿವರದಲ್ಲಿ ಓದಿ, ಇನ್ನೊಂದು ಸಲ ಫೋನಿನಲ್ಲಿ ಕೇಳಿ. ಆ ಕಡೆಯವರಿಗೆ ನಿಮ್ಮ ಪ್ರಶ್ನೆ ತಲುಪಲಿಲ್ಲ ಅಷ್ಟೆ. ನೀವು "ವೀಲ್‌ಚೇರ್ ಹೋಗುತ್ತಾ" ಎಂದಿರಿ. ಅವರ ಕಿವಿಗೆ ಬಿದ್ದದ್ದು "ಮೇಲಿನ ಮಹಡಿಗೆ ಹೋಗಲು ಲಿಫ್ಟ್ ಇದೆಯಾ" ಎಂದು. ಹೌದು ಅಥವಾ ಇಲ್ಲ ಎಂದು ಉತ್ತರ ಬರುವ ಪ್ರಶ್ನೆಗೆ ಹೋಟೆಲಿನವರು ಹೌದು ಎಂದೇ ಹೇಳುತ್ತಾರೆ. ಅದಕ್ಕೇ ಇಂಚಿನಲ್ಲಿ ಕೇಳಬೇಕು. ಬಾತ್‌ರೂಮಿನ ಬಾಗಿಲು ತೆರೆದಾಗ ನಡುವೆ ಎಷ್ಟು ಇಂಚು ಜಾಗ ಸಿಗುತ್ತದೆ? ಕಾರು ನಿಲ್ಲಿಸುವ ಜಾಗದಿಂದ ಹಾಸಿಗೆವರೆಗೆ ಒಟ್ಟು ಎಷ್ಟು ಮೆಟ್ಟಿಲು? ಟೇಪ್ ಹಿಡಿದು ಒಂದು ಫೋಟೋ ಕಳಿಸುತ್ತೀರಾ? ಈ ಮೂರು ಕೇಳಿದರೆ ಸಾಕು, ಫೋನ್ ಎತ್ತಿದವರು ಎದ್ದು ಹೋಗಿ ನೋಡುತ್ತಾರೆ. ನೋಡದೆ ಉತ್ತರ ಕೊಡುವವರು ಯಾರು ಎಂಬುದೂ ಗೊತ್ತಾಗುತ್ತದೆ.

ಬುಕಿಂಗ್ ವೆಬ್‌ಸೈಟಿನಲ್ಲಿ ಇದ್ದ ವೀಲ್‌ಚೇರ್ ಗುರುತಿನ ಬಗ್ಗೆಯೂ ಹೇಳಬೇಕು. ಅದನ್ನು ಯಾರೋ ಬಂದು ಪರೀಕ್ಷೆ ಮಾಡಿ ಹಾಕಿರುತ್ತಾರೆ ಎಂದು ಜನ ನಂಬುತ್ತಾರೆ. ಸಾಮಾನ್ಯವಾಗಿ ಹಾಗಲ್ಲ. ಹೋಟೆಲಿನವರೇ ಫಾರಂ ತುಂಬುವಾಗ ಟಿಕ್ ಮಾಡಿರುತ್ತಾರೆ. ಪಾರ್ಕಿಂಗ್, ವೈಫೈ, ಬಿಸಿನೀರು, ವೀಲ್‌ಚೇರ್, ಎಲ್ಲಕ್ಕೂ ಒಂದೇ ಕೈಯಲ್ಲಿ ಟಿಕ್. ಆದರೆ ಟಿಕ್ ಮಾಡಿದ ಮೇಲೆ ಅದು ಅವರು ಕೊಟ್ಟ ಮಾತು. ಇದು ನಿಮಗೆ ಮುಂದೆ ಕೆಲಸಕ್ಕೆ ಬರುತ್ತದೆ.

ಮಲೆನಾಡಿನ ಕಟ್ಟಡಗಳು ಹೀಗೇಕೆ?

ಇಲ್ಲಿ ಸ್ವಲ್ಪ ನಿಧಾನಕ್ಕೆ ಹೇಳುತ್ತೇನೆ. ಯಾಕೆಂದರೆ ಕಾರಣ ಗೊತ್ತಾದರೆ ಮುಂದಿನ ಸಲ ಫೋಟೋ ನೋಡಿಯೇ ನಿಮಗೆ ಅರ್ಧ ತಿಳಿಯುತ್ತದೆ.

ನಮ್ಮ ಕಡೆ ಮನೆಯ ಪಾಯ ಎತ್ತರ. ತೀರ್ಥಹಳ್ಳಿ ತಾಲ್ಲೂಕಿನದೇ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ. ಅಂಗಳದ ನೀರು ಜಗಲಿಗೆ ಬರಬಾರದು, ಎರಚಲು ಗೋಡೆಗೆ ತಾಗಬಾರದು ಎಂದು ಹಿಂದಿನವರು ಎತ್ತರಿಸಿ ಕಟ್ಟಿದರು. ಅದು ಬುದ್ಧಿವಂತಿಕೆಯೇ. ಈಗಿನ ಕಾಂಕ್ರೀಟ್ ಹೋಟೆಲುಗಳೂ ಅದೇ ರೂಢಿ ಹಿಡಿದಿವೆ. ಜೊತೆಗೆ ಗುಡ್ಡದ ಇಳಿಜಾರಿನಲ್ಲಿ ಕಟ್ಟುವುದರಿಂದ ರಿಸೆಪ್ಶನ್ ಒಂದು ಮಟ್ಟ, ರೂಮು ಒಂದು ಮಟ್ಟ, ಊಟದ ಹಾಲ್ ಇನ್ನೊಂದು ಮಟ್ಟ. ಹೊಳೆ ಕಾಣಲಿ, ತೋಟ ಕಾಣಲಿ ಎಂದು ಊಟದ ಜಾಗವನ್ನು ಕೆಳಗೆ ಮಾಡುತ್ತಾರೆ.

ನೀವು ನೋಡಿದ ನಾಲ್ಕು ಮೆಟ್ಟಿಲನ್ನೇ ತೆಗೆದುಕೊಳ್ಳಿ. ಒಂದೊಂದು ಆರು ಇಂಚು ಎಂದರೆ ಒಟ್ಟು ಎರಡು ಅಡಿ ಎತ್ತರ. ವೀಲ್‌ಚೇರ್ ರ‍್ಯಾಂಪಿಗೆ ಒಪ್ಪಿತ ಲೆಕ್ಕ ಒಂದಕ್ಕೆ ಹನ್ನೆರಡು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ. ಅಂದರೆ ಆ ನಾಲ್ಕು ಮೆಟ್ಟಿಲಿಗೆ 24 ಅಡಿ ರ‍್ಯಾಂಪ್ ಬೇಕು. ಮೇಲೆ ಕೆಳಗೆ ಕುರ್ಚಿ ತಿರುಗಿಸಲು ಐದೈದು ಅಡಿ ಸಮತಟ್ಟು ಬೇರೆ. ಈ ಮಾತು ಕೇಳಿದ ತಕ್ಷಣ ಬಹಳ ಮಾಲೀಕರು "ಅಷ್ಟು ಜಾಗ ಎಲ್ಲಿದೆ ಸಾರ್" ಎನ್ನುತ್ತಾರೆ. ಆಗ ಮೇಸ್ತ್ರಿ ಇದ್ದಷ್ಟು ಜಾಗಕ್ಕೆ ಒಂದು ರ‍್ಯಾಂಪ್ ಹಾಕಿ ಮುಗಿಸುತ್ತಾರೆ. ಹೊಸನಗರದ ಕಡೆ ಒಂದು ಹೋಂಸ್ಟೇಯಲ್ಲಿ ಮಾಲೀಕರು ಖುಷಿಯಿಂದ ನನಗೆ ರ‍್ಯಾಂಪ್ ತೋರಿಸಿದರು. ಅದು ಅಡಿಕೆ ಮೂಟೆಯ ಕೈಗಾಡಿ ಹತ್ತಿಸಲು ಮಾಡಿದ್ದು, ಒಂದಕ್ಕೆ ನಾಲ್ಕು. ಕುರ್ಚಿ ಮತ್ತು ಕೂತವರು ಸೇರಿ 80 ಕೆಜಿ ಎಂದಿಟ್ಟುಕೊಳ್ಳಿ. ಅಂಥ ರ‍್ಯಾಂಪಿನಲ್ಲಿ ತಳ್ಳುವವರು ಸುಮಾರು 20 ಕೆಜಿಯಷ್ಟು ಭಾರ ತಡೆದು ಹಿಡಿಯಬೇಕು. ಒಂದಕ್ಕೆ ಹನ್ನೆರಡು ಇದ್ದರೆ ಏಳು ಕೆಜಿಯೊಳಗೆ ಮುಗಿಯುತ್ತದೆ. ಮೊದಲನೆಯದರಲ್ಲಿ ಕೈ ಜಾರಿದರೆ ಕುರ್ಚಿ ನಿಲ್ಲುವುದಿಲ್ಲ. ಅದರ ಮೇಲೆ ಮಳೆಗಾಲದ ಹಾವಸೆ ಬೇರೆ. ಆ ಮಾಲೀಕರು ಒಳ್ಳೆಯ ಮನುಷ್ಯ. ಹೇಳಿದ ಮೇಲೆ ಅಂಗಳದ ಸುತ್ತ ತಿರುಗಿಸಿ ಉದ್ದದ ರ‍್ಯಾಂಪ್ ಮಾಡಿಸಿದರು. ಜಾಗ ಇಲ್ಲ ಎನ್ನುವುದು ಎಷ್ಟೋ ಸಲ ಬಾಗಿಲ ಎದುರಿಗೇ ಜಾಗ ಇಲ್ಲ ಎಂದಷ್ಟೇ.

ಬಾತ್‌ರೂಮಿನ ಕಥೆ ಬೇರೆ. ನಮ್ಮಲ್ಲಿ ಬಾತ್‌ರೂಮಿಗೆ ಎರಡೂವರೆ ಅಡಿ ಬಾಗಿಲು ಇಡುವುದು ರೂಢಿ. ಅದು ಚೌಕಟ್ಟಿನ ಹೊರಗಿನ ಅಳತೆ. ಎರಡು ಕಡೆ ಚೌಕಟ್ಟಿನ ದಪ್ಪ ಕಳೆದರೆ ಉಳಿಯುವುದು 24, 25 ಇಂಚು. ತೆರೆದ ಬಾಗಿಲು ಇನ್ನೊಂದು ಇಂಚು ತಿನ್ನುತ್ತದೆ. ಸಾಮಾನ್ಯ ವೀಲ್‌ಚೇರ್ ಅಗಲ 24ರಿಂದ 26 ಇಂಚು. ಚಕ್ರ ತಿರುಗಿಸುವ ಕೈಗೂ ಜಾಗ ಬೇಕಲ್ವಾ? ಇರಬೇಕಾದ್ದು 900 ಮಿಲಿಮೀಟರ್, ಹತ್ತಿರ ಹತ್ತಿರ ಮೂರು ಅಡಿ, ಅದೂ ಚೌಕಟ್ಟು ಕಳೆದು. ಒಳಗೆ ತಿರುಗಲು ಐದು ಅಡಿ ವೃತ್ತ. ನಿಮ್ಮ ಹೋಟೆಲಿನಲ್ಲಿ ಹೊಸದಾಗಿ ಕಟ್ಟುವಾಗಲೇ ಒಂದು ರೂಮಿನ ಬಾಗಿಲನ್ನು ಇನ್ನೊಂದು ಅಡಿಯಷ್ಟು ಹೆಚ್ಚು ಅಗಲ ಮಾಡಿದ್ದರೆ ಖರ್ಚು ಹೆಚ್ಚೇನೂ ಆಗುತ್ತಿರಲಿಲ್ಲ. ಈಗ ಗೋಡೆ ಒಡೆಯಬೇಕು.

ಲಿಫ್ಟ್ ಇದ್ದರೆ ಎಲ್ಲಾ ಇದೆ ಎನ್ನುವುದು ದೊಡ್ಡ ತಪ್ಪು ತಿಳಿವಳಿಕೆ. ಮಲೆನಾಡಿನಲ್ಲಿ ಗಾಳಿ ಮಳೆಗೆ ಮರ ಬಿದ್ದರೆ ಗಂಟೆಗಟ್ಟಲೆ ಕರೆಂಟ್ ಇರುವುದಿಲ್ಲ. ಜನರೇಟರ್ ಲಿಫ್ಟಿಗೂ ಕೊಟ್ಟಿದ್ದಾರಾ, ಬರೀ ದೀಪಕ್ಕಾ ಎಂದು ಕೇಳಿ. ನನ್ನ ಮಟ್ಟಿಗೆ, ಹಿರಿಯರಿದ್ದರೆ ಲಿಫ್ಟ್ ಇರುವ ಮೂರು ಮಹಡಿ ಹೋಟೆಲಿಗಿಂತ ಮೆಟ್ಟಿಲಿಲ್ಲದ ಒಂದು ನೆಲಮಟ್ಟದ ರೂಮು ಎಷ್ಟೋ ವಾಸಿ.

ಸೇವೆ ಕೆಟ್ಟಿದ್ದಕ್ಕೆ ಕಾರಣ ಜಾತ್ರೆಯ ದಿನಗಳು. ಎಳ್ಳಮಾವಾಸ್ಯೆಗೆ ತೀರ್ಥಹಳ್ಳಿ ತುಂಬಿರುತ್ತದೆ. ವರ್ಷದ ಕೊನೆಯ ಪ್ರವಾಸಿಗರೂ ಅದೇ ಸಮಯಕ್ಕೆ ಬರುತ್ತಾರೆ. ಇಂಥ ದಿನಗಳಿಗೆಂದೇ ಸೇರಿಸಿಕೊಂಡ ಹುಡುಗರಿರುತ್ತಾರೆ, ಅವರಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಕೆಳಗಿನ ರೂಮು ಮೊದಲು ಬಂದವರಿಗೆ ಹೋಗಿಬಿಡುತ್ತದೆ. ಇದು ಕಾರಣವೇ ಹೊರತು ಸಮರ್ಥನೆಯಲ್ಲ. ಮುಂಗಡ ಹಣ ತೆಗೆದುಕೊಂಡು ಮಾತು ಕೊಟ್ಟ ರೂಮನ್ನು ಉಳಿಸಿಡುವುದು ಅವರ ಕೆಲಸ.

"ಎತ್ತಿಕೊಂಡು ಹೋಗ್ತೀವಿ ಬಿಡಿ"

ಈ ಮಾತನ್ನು ನಮ್ಮ ಕಡೆ ಬಹಳ ಪ್ರೀತಿಯಿಂದ ಹೇಳುತ್ತಾರೆ. ನಿಮ್ಮ ಅತ್ತೆಯನ್ನು ಎತ್ತಿದ ಹುಡುಗರ ಮನಸ್ಸು ಕೆಟ್ಟದಿರಲಿಲ್ಲ. ಆದರೆ ಇದನ್ನು ಸೌಲಭ್ಯ ಎಂದು ಒಪ್ಪಿಕೊಳ್ಳಬೇಡಿ.

ಒಂದು, ಅಪಾಯ. ವೀಲ್‌ಚೇರಿನ ಕೈ ಇಡುವ ತುಂಡು, ಕಾಲಿಡುವ ಪ್ಲೇಟ್ ಬಿಚ್ಚಿಕೊಳ್ಳುವಂತೆ ಮಾಡಿರುತ್ತಾರೆ. ಅದನ್ನು ಹಿಡಿದು ಎತ್ತಿದರೆ ಅರ್ಧದಲ್ಲಿ ಕೈಗೆ ಬರುತ್ತದೆ. ಲಕ್ವ ಆದ ಕಡೆಯ ಭುಜ ಸಡಿಲವಾಗಿರುತ್ತದೆ. ಕಂಕುಳಿಗೆ ಕೈ ಹಾಕಿ ಎತ್ತಿದರೆ ಕೀಲು ಜಾರಬಹುದು. ಅತ್ತೆಗೆ ಆಮೇಲೆ ಬಲ ಭುಜ ನೋವು ಬಂದಿದೆಯಾ ಎಂದು ಕೇಳಿ ನೋಡಿ. ಎರಡು, ಅವರು ಯಾವಾಗ ಹೊರಗೆ ಹೋಗಬೇಕು, ಯಾವಾಗ ಊಟ ಮಾಡಬೇಕು ಎಂಬುದು ನಾಲ್ಕು ಹುಡುಗರ ಬಿಡುವಿನ ಮೇಲೆ ನಿಂತುಬಿಡುತ್ತದೆ. 71 ವರ್ಷದ ಹೆಂಗಸು, ತನ್ನ ತವರೂರಿನಲ್ಲೇ, ಗುರುತಿಲ್ಲದ ಗಂಡಸರ ಕೈಯಲ್ಲಿ ಮೂಟೆಯಂತೆ ಇಳಿಯುವುದು. ಅವರು ನೀರು ಬಿಟ್ಟದ್ದಕ್ಕೆ ಬಾಗಿಲಿನ ಅಳತೆಯಷ್ಟೇ ಇದೂ ಕಾರಣ ಇರಬಹುದು.

ಕಾನೂನು ಏನು ಹೇಳುತ್ತದೆ?

ಖಾಸಗಿ ಹೋಟೆಲಿಗೆ ಇದೆಲ್ಲ ಕಡ್ಡಾಯ ಅಲ್ಲ ಎಂಬ ಮಾತು ನೀವು ಕೇಳಿರಬಹುದು. ಅದು ಸರಿಯಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ ಸಾರ್ವಜನಿಕ ಕಟ್ಟಡ ಎಂದರೆ ಸರ್ಕಾರಿ ಕಟ್ಟಡ ಮಾತ್ರವಲ್ಲ, ಜನ ಬಂದು ಹೋಗುವ ಖಾಸಗಿ ಕಟ್ಟಡವೂ ಸೇರುತ್ತದೆ. ಹಳೆಯ ಕಟ್ಟಡಗಳನ್ನು ಐದು ವರ್ಷದೊಳಗೆ ಸರಿಪಡಿಸಬೇಕು, ಸೇವೆ ಕೊಡುವವರು ಎರಡು ವರ್ಷದೊಳಗೆ ಹೊಂದಿಕೊಳ್ಳಬೇಕು ಎಂದು ಅದರಲ್ಲಿದೆ. ನಿಯಮಗಳು ಬಂದದ್ದು 2017ರಲ್ಲಿ. ಎರಡೂ ಗಡುವು ಮುಗಿದಿವೆ. ಕಾಯ್ದೆ ಮೀರಿದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷದವರೆಗೆ ದಂಡ.

ಹಾಗಾದರೆ ಯಾಕೆ ಹೀಗೆ? ಅಳತೆಗಳು ನಿಯಮದಲ್ಲಿ ಶಿಫಾರಸಿನಂತೆ ಉಳಿದಿದ್ದವು. 2024ರ ನವೆಂಬರ್ 8ರಂದು ಸುಪ್ರೀಂ ಕೋರ್ಟ್ ಇದನ್ನೇ ಎತ್ತಿ ಹೇಳಿತು. ಕಾಯ್ದೆ ಕಡ್ಡಾಯ ಎನ್ನುತ್ತದೆ, ನಿಯಮ ಸಲಹೆಯಂತಿದೆ, ಇದು ಸಲ್ಲದು, ಮೂರು ತಿಂಗಳಲ್ಲಿ ಕಡ್ಡಾಯದ ಕನಿಷ್ಠ ಮಾನದಂಡ ಮಾಡಿ ಎಂದು ಕೇಂದ್ರಕ್ಕೆ ಸೂಚಿಸಿತು. ಕೆಳಗಿನ ಹಂತದಲ್ಲಿ, ಕಟ್ಟಡದ ನಕ್ಷೆ ನೋಡುವ ಮೇಜಿನ ಮೇಲೆ, ಟೇಪ್ ಹಿಡಿಯುವವರು ಇನ್ನೂ ಕಡಿಮೆ. ಇದು ನಾನು ದಿನವೂ ನೋಡುವ ಸತ್ಯ.

ಇನ್ನೊಂದು ಗೊಂದಲ, ಅತ್ತೆಗೆ ಅಂಗವಿಕಲತೆಯ ಸರ್ಟಿಫಿಕೇಟ್ ಇಲ್ಲದಿದ್ದರೆ ಏನು ಎಂಬುದು. ಮೀಸಲಾತಿಯಂಥ ಸವಲತ್ತುಗಳಿಗೆ ಶೇಕಡಾ 40ರ ಪ್ರಮಾಣಪತ್ರ ಬೇಕು. ಮೆಟ್ಟಿಲಿಲ್ಲದ ದಾರಿ ಬೇಕು ಎನ್ನಲು ಬೇಡ. ದೀರ್ಘಕಾಲದ ತೊಂದರೆಯಿಂದ ಓಡಾಟಕ್ಕೆ ಅಡ್ಡಿಯಾದ ಯಾರಿಗೂ ಕಾಯ್ದೆ ಅನ್ವಯಿಸುತ್ತದೆ. ಆದರೂ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಡಿ. ಬೇರೆ ಕೆಲಸಕ್ಕೆ ಬರುತ್ತದೆ.

ನೀವು ಏನು ಮಾಡಬಹುದು

ನಿಮ್ಮ ವಿಷಯದಲ್ಲಿ ನನಗೆ ಗಟ್ಟಿ ಅನಿಸುವುದು ಗ್ರಾಹಕ ಕಾನೂನು. ಇಲ್ಲಿ ಕಟ್ಟಡದ ನಿಯಮ ಸಾಬೀತು ಮಾಡುವ ಗೋಜಿಲ್ಲ. ವೀಲ್‌ಚೇರ್ ಸೌಲಭ್ಯ ಇದೆ ಎಂದು ಹೇಳಿ ಹಣ ತೆಗೆದುಕೊಂಡರು, ಅದು ಇರಲಿಲ್ಲ. ಇದು ಸೇವೆಯಲ್ಲಿನ ಕೊರತೆ, ದಾರಿ ತಪ್ಪಿಸುವ ಜಾಹೀರಾತು ಕೂಡ. ಎರಡು ರಾತ್ರಿ ಉಳಿದಿರಿ ಎಂಬುದು ಒಪ್ಪಿಗೆಯಾಗುವುದಿಲ್ಲ. ಜಾತ್ರೆಯಲ್ಲಿ ಬೇರೆ ರೂಮು ಎಲ್ಲಿ ಸಿಗುತ್ತಿತ್ತು? "ಹಣ ವಾಪಸ್ ಇಲ್ಲ" ಎಂಬ ಷರತ್ತು ನೀವು ಮನಸ್ಸು ಬದಲಾಯಿಸಿದಾಗಿನ ಮಾತು. ಅವರೇ ಮಾತು ತಪ್ಪಿದಾಗ ಅದನ್ನು ತೋರಿಸಿ ಸುಮ್ಮನಿರಿಸಲು ಆಗುವುದಿಲ್ಲ.

ಮೊದಲು ಸಾಕ್ಷಿ ಒಟ್ಟು ಮಾಡಿ. ಇವತ್ತೇ. ಬುಕಿಂಗ್ ಪುಟದಲ್ಲಿ ವೀಲ್‌ಚೇರ್ ಎಂದು ಇರುವುದರ ಸ್ಕ್ರೀನ್‌ಶಾಟ್ ತೆಗೆಯಿರಿ. ದೂರು ಕೊಟ್ಟ ಮೇಲೆ ಅದು ಮಾಯವಾಗಬಹುದು. ಹಣ ಕಟ್ಟಿದ ದಾಖಲೆ, ಬಿಲ್ಲು, ನೀವು ಫೋನ್ ಮಾಡಿದ ದಿನದ ಕಾಲ್ ಲಿಸ್ಟ್, ಮಕ್ಕಳ ಫೋನಿನಲ್ಲಿರುವ ಫೋಟೋ, ವಿಡಿಯೋ. ಮಕ್ಕಳು ಸುಮ್ನೆ ತೆಗೆದ ವಿಡಿಯೋದ ಹಿಂದೆ ಆ ನಾಲ್ಕು ಮೆಟ್ಟಿಲು ಕಾಣುತ್ತಿರಬಹುದು, ನೋಡಿ. ಮೂಲ ಫೈಲು ಫೋನಿನಿಂದ ಅಳಿಸಬೇಡಿ.

ಆಮೇಲೆ ಮಾಲೀಕರಿಗೆ ಒಂದು ಪತ್ರ, ಇಮೇಲ್ ಮತ್ತು ಸ್ಪೀಡ್ ಪೋಸ್ಟ್ ಎರಡರಲ್ಲೂ. ಮ್ಯಾನೇಜರಿಗಲ್ಲ, ಮಾಲೀಕರಿಗೆ. ಒಂದೇ ಪುಟ ಸಾಕು. ಅವರು ಏನು ಹೇಳಿದ್ದರು, ನಿಮಗೆ ಏನು ಸಿಕ್ಕಿತು, ಉಳಿಯದ ಮೂರನೇ ರಾತ್ರಿಯ 8,000 ರೂಪಾಯಿ ಮತ್ತು ಉಳಿದ ಹಣದಲ್ಲಿ ಎಷ್ಟು ಕೇಳುತ್ತೀರಿ, 15 ದಿನದೊಳಗೆ ಉತ್ತರ ಬೇಕು ಎಂದು. ನನ್ನ ಅನುಭವದಲ್ಲಿ ಊರಿನ ಮಾಲೀಕರು ಇಂಥ ಪತ್ರಕ್ಕೆ ಫೋನ್ ಮಾಡುತ್ತಾರೆ. ಕೆಲವರಿಗೆ ತಮ್ಮ ಹೋಟೆಲಿನಲ್ಲಿ ಹೀಗಾಯಿತು ಎಂದೇ ಗೊತ್ತಿರುವುದಿಲ್ಲ. ಫೋನಿನಲ್ಲಿ ಒಪ್ಪಿಕೊಂಡದ್ದನ್ನು ಬರಹದಲ್ಲಿ ಕೇಳಿ. ಇಲ್ಲಿನ ಅಪಾಯ ಒಂದೇ. "ಮುಂದಿನ ಸಲ ಬನ್ನಿ, ಫ್ರೀ ರೂಮು ಕೊಡ್ತೀವಿ" ಎನ್ನುತ್ತಾರೆ. ಅದೇ ಬಾಗಿಲಿನ ರೂಮು ಫ್ರೀ ಸಿಕ್ಕಿ ಏನು ಮಾಡುತ್ತೀರಿ?

ಬುಕಿಂಗ್ ಕಂಪನಿಗೂ ದೂರು ಕೊಡಿ. ಅವರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ಬಂದಿದೆ ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಇತ್ಯರ್ಥ ಮಾಡಬೇಕು. 2020ರ ನಿಯಮ ಅದು. "ನಾವು ಮಧ್ಯವರ್ತಿಗಳು ಮಾತ್ರ" ಎಂಬ ಉತ್ತರ ಬರುವ ಸಾಧ್ಯತೆ ಜಾಸ್ತಿ. ಬಂದರೂ ಇಟ್ಟುಕೊಳ್ಳಿ. ಜೊತೆಗೆ 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅವರಿಗೆ ಆದೇಶ ಮಾಡುವ ಅಧಿಕಾರ ಇಲ್ಲ, ಆದರೆ ದೊಡ್ಡ ಕಂಪನಿಗಳು ಅಲ್ಲಿಂದ ಹೋದ ದೂರಿಗೆ ಉತ್ತರ ಕೊಡುವುದನ್ನು ನೋಡಿದ್ದೇನೆ.

ಇದೆಲ್ಲ ಆಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗ. ಇದಕ್ಕೆ ಶಿವಮೊಗ್ಗಕ್ಕೆ ಓಡಾಡಬೇಕು ಎಂದು ಜನ ಹೆದರಿ ಬಿಟ್ಟುಬಿಡುತ್ತಾರೆ. 2019ರ ಕಾಯ್ದೆ ಪ್ರಕಾರ ನೀವು ವಾಸವಿರುವ ಊರಿನಲ್ಲೇ, ಅಂದರೆ ದಾವಣಗೆರೆಯಲ್ಲೇ ದೂರು ಕೊಡಬಹುದು. ನೀವು ಕೊಟ್ಟ ಹಣ 5 ಲಕ್ಷದೊಳಗೆ ಇರುವುದರಿಂದ ಶುಲ್ಕ ಇಲ್ಲ. ವಕೀಲರೂ ಕಡ್ಡಾಯವಲ್ಲ. ಘಟನೆ ಆದ ದಿನದಿಂದ ಎರಡು ವರ್ಷ ಸಮಯ ಇದೆ. ಹೋಟೆಲು ಮತ್ತು ಬುಕಿಂಗ್ ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ತೊಂದರೆ ಎಂದರೆ ಸಮಯ. ಮೂರು ತಿಂಗಳಲ್ಲಿ ಮುಗಿಸಬೇಕು ಎಂದು ಕಾಯ್ದೆಯಲ್ಲಿದ್ದರೂ ಬಹಳ ಕೇಸು ಅದಕ್ಕಿಂತ ಎಷ್ಟೋ ಹೆಚ್ಚು ಎಳೆಯುತ್ತವೆ. ಮಧ್ಯಸ್ಥಿಕೆಗೆ ಕಳಿಸಿದರೆ ಬೇಗ ಆಗುತ್ತದೆ, ಆದರೆ ಕೇಳಿದಷ್ಟು ಸಿಗುವುದಿಲ್ಲ. ಅತ್ತೆಯ ಕಷ್ಟಕ್ಕೆ ಪರಿಹಾರ ಕೇಳುವಾಗ ಮೊತ್ತ ಅಳತೆಯಲ್ಲಿರಲಿ. 24,000 ಕೊಟ್ಟು 20 ಲಕ್ಷ ಕೇಳಿದರೆ ದೂರಿನ ತೂಕವೇ ಹೋಗುತ್ತದೆ.

ಆ ಕಟ್ಟಡವೇ ಸರಿಯಾಗಬೇಕು, ಇನ್ನೊಬ್ಬರಿಗೆ ಹೀಗಾಗಬಾರದು ಎಂಬ ಆಸೆ ಇದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ಕಾಯ್ದೆಯ ರಾಜ್ಯ ಆಯುಕ್ತರಿಗೆ ಬರೆಯಿರಿ. ಅಲ್ಲಿಂದ ನಿಮಗೆ ಹಣ ಬರುವುದನ್ನು ನಿರೀಕ್ಷಿಸಬೇಡಿ. ಕಟ್ಟಡ ಸರಿಪಡಿಸಿ ಎಂದು ಹೇಳುವ ದಾರಿ ಅದು.

ಆನ್‌ಲೈನ್‌ನಲ್ಲಿ ವಿಮರ್ಶೆ ಬರೆಯುವುದಾದರೆ ಅಳತೆ ಬರೆಯಿರಿ. "ನಾಲ್ಕು ಮೆಟ್ಟಿಲು, ರ‍್ಯಾಂಪ್ ಇಲ್ಲ, ಬಾತ್‌ರೂಮಿನಲ್ಲಿ ಕುರ್ಚಿ ಹಿಡಿಸುವುದಿಲ್ಲ." ಇದು ನಿಜ, ಇದಕ್ಕೆ ಮಾನನಷ್ಟದ ಹೆದರಿಕೆ ಬೇಡ. ಕಳ್ಳರು, ಮೋಸಗಾರರು ಎಂಬ ಮಾತು ಬೇಡ. ಇನ್ನೊಬ್ಬ ಸೊಸೆ ಹುಡುಕುತ್ತಿರುವಾಗ ಅವಳಿಗೆ ಬೇಕಾದ್ದೂ ಆ ಅಳತೆಯೇ.

ಮತ್ತೆ ಹೋಗಬಹುದಾ?

ಹೋಗಬಹುದು. ಮೈದುನನ ಮಾತಿಗೆ ನಾನು ಒಪ್ಪುವುದಿಲ್ಲ. ಅತ್ತೆಗೆ ಆಸೆ ಇದೆ, ದೇಹಕ್ಕೆ ಡಾಕ್ಟರ್ ಒಪ್ಪಿಗೆ ಇದ್ದರೆ ಉಳಿದದ್ದು ತಯಾರಿಯ ಮಾತು.

ಜಾತ್ರೆ ದಿನ ಬೇಡ, ಮಳೆಗಾಲ ಬೇಡ. ಜನವರಿ ಕೊನೆ, ಫೆಬ್ರವರಿಯ ವಾರದ ನಡುವಿನ ದಿನ ನೋಡಿ. ತೀರ್ಥಹಳ್ಳಿಯಲ್ಲೇ ಉಳಿಯಬೇಕೆಂಬ ಹಟ ಬೇಡ. ಶಿವಮೊಗ್ಗದಲ್ಲಿ ಸ್ಟಾರ್ ದರ್ಜೆ ಪಡೆದ ಹೋಟೆಲ್ ವಿಚಾರಿಸಿ. ಆ ದರ್ಜೆ ಪಡೆಯುವುದು ಅವರ ಇಷ್ಟ, ಆದರೆ ಪಡೆದರೆ ಒಂದು ಮೀಟರ್ ಬಾಗಿಲಿನ, ಹಿಡಿಕೆ ಇರುವ ಬಾತ್‌ರೂಮಿನ ಒಂದು ರೂಮಾದರೂ ಇಡಬೇಕು ಎಂದು ಪ್ರವಾಸೋದ್ಯಮ ಸಚಿವಾಲಯದ ನಿಯಮ ಇದೆ. ಆ ರೂಮೇ ಬೇಕು ಎಂದು ಬರಹದಲ್ಲಿ ಕೇಳಿ. ಫೋನ್ ಆದ ಮೇಲೆ ವಾಟ್ಸಾಪ್‌ನಲ್ಲಿ ಒಂದು ಸಾಲು ಹಾಕಿ: "ನೀವು ಹೇಳಿದಂತೆ ಮೆಟ್ಟಿಲಿಲ್ಲದ ಕೆಳಗಿನ ರೂಮು, ಬಾಗಿಲು 36 ಇಂಚು." ಅವರು ಸರಿ ಅಂದರೆ ಅದೇ ದಾಖಲೆ.

ಹಿಡಿಕೆ ಯಾವ ಕಡೆ ಇದೆ ಎಂದು ಕೇಳುವುದನ್ನು ಮರೆಯಬೇಡಿ. ಅತ್ತೆಗೆ ಕೆಲಸ ಮಾಡುವುದು ಎಡಗೈ. ಕಮೋಡ್ ಮೇಲೆ ಕೂತಾಗ ಹಿಡಿಕೆ ಅವರ ಎಡಕ್ಕೆ ಇರಬೇಕು. ಬಲಗಡೆ ಗೋಡೆಯಲ್ಲಿ ಎಷ್ಟು ಚೆಂದದ ಹಿಡಿಕೆ ಇದ್ದರೂ ಅವರಿಗೆ ಇಲ್ಲದಂತೆಯೇ. ಮಡಚುವ ಕಮೋಡ್ ಕುರ್ಚಿ ಒಂದನ್ನು ಕಾರಿನಲ್ಲಿ ಹಾಕಿಕೊಳ್ಳಿ. ಮೆಡಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ, ಬಾಡಿಗೆಗೂ ಕೊಡುತ್ತಾರೆ. ರಾತ್ರಿ ಹಾಸಿಗೆ ಪಕ್ಕ ಅದಿದ್ದರೆ ಅವರು ನೀರು ಕುಡಿಯುತ್ತಾರೆ. ಹೋಗುವ ಮೊದಲು ಮನೆಯಲ್ಲೇ ಒಂದು ವಾರ ಅದರ ಅಭ್ಯಾಸ ಆಗಲಿ. ರ‍್ಯಾಂಪ್ ಇಳಿಯುವಾಗ ಕುರ್ಚಿಯನ್ನು ಹಿಂದುಮುಂದಾಗಿ ಇಳಿಸಿ, ನೀವು ಕೆಳಗೆ, ಅವರ ಬೆನ್ನು ನಿಮ್ಮ ಕಡೆ.

ಜಾಗಗಳ ವಿಷಯದಲ್ಲಿ ಕವಲೇದುರ್ಗ ಬಿಡಿ, ಅದು ನಡೆದು ಹತ್ತುವ ಕೋಟೆ. ಸಿಗಂದೂರಿಗೆ ಮೊದಲು ಲಾಂಚ್ ಹತ್ತಬೇಕಿತ್ತು, 2025ರ ಜುಲೈಯಲ್ಲಿ ಸೇತುವೆ ಆದ ಮೇಲೆ ಕಾರಿನಲ್ಲೇ ಶರಾವತಿ ದಾಟಬಹುದು. ಅತ್ತೆಗೆ ಬೇಕಾದ್ದು ತುಂಗೆ ಅಲ್ವಾ? ಅದಕ್ಕೆ ದೊಡ್ಡ ಏರ್ಪಾಟು ಬೇಡ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ಅಲ್ಲಿ ಹೊಳೆ ರಸ್ತೆ ಪಕ್ಕಕ್ಕೇ ಬರುತ್ತದೆ. ಕಾರು ಬದಿಗೆ ಹಾಕಿ ಬಾಗಿಲು ತೆಗೆದರೆ ಕೂತಲ್ಲಿಂದಲೇ ಕಾಣುತ್ತದೆ. ಮುಂದೆ ತೀರ್ಥಹಳ್ಳಿಯ ಕಮಾನು ಸೇತುವೆಯ ಮೇಲೆ ನಿಧಾನಕ್ಕೆ ಹೋಗಿ, ಎರಡು ಕಡೆಯೂ ಹೊಳೆಯೇ. ದಡಕ್ಕೆ ಇಳಿಯುವುದು ಮೆಟ್ಟಿಲ ಕೆಲಸ. ಇಳಿಯಬೇಕಾ, ಮೇಲಿಂದ ನೋಡಿದರೆ ಸಾಕಾ ಎಂದು ಹೊರಡುವ ಮೊದಲು ಅತ್ತೆಯನ್ನೇ ಕೇಳಿ. ಅವರು ಹುಟ್ಟಿ ಬೆಳೆದ ಊರು. ಗಾಡಿ ಹೋಗುವ ಯಾವ ಓಣಿಯಿಂದ ಹೊಳೆ ಚೆನ್ನಾಗಿ ಕಾಣುತ್ತದೆ ಎಂದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ.